ಅರ್ಧ ಗಂಟೆಯ ಸೌಜನ್ಯ

ವಿದೇಶದ ಮೇಯರ್ ಒಬ್ಬರು ನಮ್ಮ ಊರಿನ ನಿಯೋಗಕ್ಕೆ ಅರ್ಧ ಗಂಟೆ ಕೊಟ್ಟಿದ್ದಾರೆ ಎಂದುಕೊಳ್ಳಿ. ಆ ಅರ್ಧ ಗಂಟೆಯನ್ನು ಬಿಡಿಸಿ ಲೆಕ್ಕ ಹಾಕಬಹುದು. ಬಾಗಿಲಲ್ಲಿ ಕೈಕುಲುಕಿ, ಯಾರ ಕುರ್ಚಿ ಯಾವುದೆಂದು ಗೊತ್ತಾಗಿ ಎಲ್ಲರೂ ಕೂರುವ ಹೊತ್ತಿಗೆ ಮೂರು ನಿಮಿಷ ಹೋಗುತ್ತದೆ. ಹನ್ನೆರಡು ಮಂದಿಯ ನಿಯೋಗವಾದರೆ ಎರಡೂ ಕಡೆಯ ಪರಿಚಯಕ್ಕೆ ಐದು ನಿಮಿಷ ಬೇಕು. ಕೊನೆಯಲ್ಲಿ ಶಾಲು, ಮೈಸೂರು ಪೇಟ, ನೆನಪಿನ ಕಾಣಿಕೆ, ಗ್ರೂಪ್ ಫೋಟೊ, ಆಮೇಲೆ ‘ಇನ್ನೊಂದು, ಇನ್ನೊಂದೇ ಒಂದು’ ಎನ್ನುವ ಫೋಟೊಗ್ರಾಫರ್. ಇದಕ್ಕೆಲ್ಲ ಆರು ನಿಮಿಷಕ್ಕೆ ಕಡಿಮೆಯಾಗದು. ಉಳಿದದ್ದು ಹದಿನಾರು. ನಡುವೆ ಭಾಷಾಂತರಕಾರರು ಇದ್ದರೆ ಪ್ರತಿ ಮಾತನ್ನೂ ಎರಡು ಸಲ ಆಡಬೇಕು, ಹಾಗಾಗಿ ಎಂಟು. ಅದರಲ್ಲಿ ಅರ್ಧ ಆತಿಥೇಯರದು. ನಮ್ಮ ಪಾಲಿಗೆ ಬರುವುದು ನಾಲ್ಕು ನಿಮಿಷ. ಈ ನಾಲ್ಕು ನಿಮಿಷಕ್ಕಾಗಿ ಪಾಲಿಕೆಯಿಂದ ವಿಧಾನಸೌಧಕ್ಕೆ, ಅಲ್ಲಿಂದ ದೆಹಲಿಗೆ ಕಡತ ಓಡಾಡುತ್ತದೆ, ಟಿಕೆಟ್ ಆಗುತ್ತದೆ, ದಿನಭತ್ಯೆ ಮಂಜೂರಾಗುತ್ತದೆ. ಕೇಳಿದ ತೆರಿಗೆದಾರ ‘ದುಂದು’ ಎನ್ನುತ್ತಾನೆ. ಹೋಗಿ ಬಂದವರು ‘ಅಧ್ಯಯನಕ್ಕೆ ಹೋಗಿದ್ದೆವು’ ಎನ್ನುತ್ತಾರೆ. ಇಬ್ಬರ ಮಾತೂ ಸರಿಯಲ್ಲ ಎಂದು ನನಗನ್ನಿಸುತ್ತದೆ. ಸೌಜನ್ಯ ಭೇಟಿಗೆ ಅದರದೇ ಆದ ಒಂದು ಕೆಲಸವಿದೆ. ಅದನ್ನು ಅಧ್ಯಯನದ ವೇಷ ತೊಡಿಸಿ ಕಳುಹಿಸುವುದರಿಂದಲೇ ಸೌಜನ್ಯವೂ ಕೆಡುತ್ತಿದೆ, ಅಧ್ಯಯನವೂ ಕೆಡುತ್ತಿದೆ.

ಈ ವೇಷ ಯಾಕೆ ಬಂತು ಎಂಬುದನ್ನು ಮೊದಲು ನೋಡಬೇಕು. ‘ಅಧ್ಯಯನ ಪ್ರವಾಸ’ ಎಂಬ ಎರಡು ಪದ ಕನ್ನಡ ಪತ್ರಿಕೆಗಳಲ್ಲಿ ನಗೆಹನಿಯ ಮಟ್ಟಕ್ಕೆ ಬಂದು ಬಹಳ ಕಾಲವಾಯಿತು. 2012ರಲ್ಲಿ ರಾಜ್ಯ ಬರದಲ್ಲಿ ಬೇಯುತ್ತಿದ್ದಾಗ ನಮ್ಮ ಶಾಸಕರ ತಂಡವೊಂದು ದಕ್ಷಿಣ ಅಮೆರಿಕಕ್ಕೆ ಹೊರಟದ್ದು ಈಗಲೂ ಜನರ ನೆನಪಿನಲ್ಲಿದೆ. ಅದು ಶಾಸಕರ ಪ್ರವಾಸ, ಪಾಲಿಕೆಯದಲ್ಲ. ಆದರೆ ಅಲ್ಲಿ ಹತ್ತಿದ ಮಸಿ ಆಮೇಲೆ ಹೊರಟ ಪ್ರತಿ ಮೇಯರ್, ಪ್ರತಿ ಅಧ್ಯಕ್ಷರ ಬಟ್ಟೆಗೂ ತಾಗಿತು. ಇಷ್ಟಾದರೂ ಕಡತಗಳು ಅದೇ ಪದಕ್ಕೆ ಅಂಟಿಕೊಂಡಿವೆ. ಖರ್ಚನ್ನು ಸಮರ್ಥಿಸಿಕೊಳ್ಳಬೇಕಾದ ಟಿಪ್ಪಣಿಯಲ್ಲಿ ‘ಪರಸ್ಪರ ಗೌರವ ಸಲ್ಲಿಸಲು’ ಎಂದು ಬರೆದರೆ ಲೆಕ್ಕಪರಿಶೋಧನೆಯವರು ಹುಬ್ಬೇರಿಸುತ್ತಾರೆ. ‘ಘನತ್ಯಾಜ್ಯ ವಿಲೇವಾರಿ ಕುರಿತು ಅಧ್ಯಯನ’ ಎಂದು ಬರೆದರೆ ಏರಿಸುವುದಿಲ್ಲ. ಹೀಗಾಗಿ ಹಸ್ತಲಾಘವಕ್ಕೆ ಹೋಗುವವರು ಕಸದ ಹೆಸರಲ್ಲಿ ಹೋಗುತ್ತಾರೆ. ಅಲ್ಲಿ ಹೋದ ಮೇಲೆ ಹೆಸರಿಗೆ ತಕ್ಕಂತೆ ಒಂದು ಬೆಳಿಗ್ಗೆ ಕಸ ಸುಡುವ ಘಟಕಕ್ಕೆ ಕರೆದೊಯ್ಯಬೇಕಾಗುತ್ತದೆ. ಕೇಳಬೇಕಾದ ಪ್ರಶ್ನೆ ಗೊತ್ತಿರುವ ಎಂಜಿನಿಯರ್ ಊರಲ್ಲೇ ಉಳಿದಿರುತ್ತಾರೆ. ಉತ್ತರ ಹೇಳಬಲ್ಲ ಅಲ್ಲಿನ ಎಂಜಿನಿಯರ್, ಹೆಲ್ಮೆಟ್ ಹಾಕಿಕೊಂಡ ಅತಿಥಿಗಳಿಗೆ ವಿಡಿಯೊ ತೋರಿಸಿ ಕಳಿಸುತ್ತಾರೆ.

ನಿಜವಾದ ಅಧ್ಯಯನ ನಡೆಯುವ ಬಗೆಯೇ ಬೇರೆ. ಬೆಂಗಳೂರಿಗೆ ಕಾವೇರಿ ನೀರು ತರುವ ಐದನೇ ಹಂತದ ಯೋಜನೆಯನ್ನು ತೆಗೆದುಕೊಳ್ಳಿ. ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಮುಟ್ಟಿಸುವ ಈ ಕೆಲಸಕ್ಕೆ ಜಪಾನಿನ ಜೈಕಾ ಸಂಸ್ಥೆಯ ಸಾಲ ಬಂತು, 2024ರ ಅಕ್ಟೋಬರ್‌ನಲ್ಲಿ ಯೋಜನೆ ಉದ್ಘಾಟನೆಯಾಯಿತು. ಇಂಥ ಕೆಲಸದ ಹಿಂದೆ ಇರುವುದು ಸಾಲದ ಷರತ್ತು, ವರ್ಷಗಟ್ಟಲೆಯ ಪತ್ರವ್ಯವಹಾರ, ಪೈಪು–ಪಂಪುಗಳ ಲೆಕ್ಕ. ಅಲ್ಲಿ ಹಾರ ತುರಾಯಿಗೆ ಜಾಗವೂ ಇಲ್ಲ, ಅಗತ್ಯವೂ ಇಲ್ಲ. ಹಾಗಾದರೆ ಸೌಜನ್ಯ ಭೇಟಿ ಏನು ಮಾಡುತ್ತದೆ? ಒಂದು ಊರಿನ ಆಡಳಿತದ ತಲೆಯಾಳು ಇನ್ನೊಂದು ಊರಿನ ತಲೆಯಾಳಿನ ಎದುರು ಕೂತು, ‘ನಮ್ಮವರು ನಿಮ್ಮವರಿಗೆ ಪತ್ರ ಬರೆದರೆ ಉತ್ತರ ಬರಲಿ’ ಎಂದು ಹೇಳುವುದು, ಅಷ್ಟೇ. ಈ ಒಂದು ಮಾತು ಮೇಲಿನಿಂದ ಬಾರದೆ ಕೆಳಗಿನ ಗುಮಾಸ್ತ ಬೇರೆ ದೇಶದ ಕಚೇರಿಯ ಪತ್ರಕ್ಕೆ ಉತ್ತರಿಸುವುದು ಕಷ್ಟ. ಯಾವ ದೇಶದಲ್ಲೂ ಹಾಗೆಯೇ.

ಅರ್ಧ ಗಂಟೆಯ ಮಾತಿಗೆ ತೂಕವಿಲ್ಲ ಎನ್ನುವವರು ನಗೋಯಾದ ಪ್ರಸಂಗವನ್ನು ಗಮನಿಸಬೇಕು. ಜಪಾನಿನ ನಗೋಯಾ ಮತ್ತು ಚೀನಾದ ನಾನ್‌ಜಿಂಗ್ 1978ರಿಂದ ಸೋದರಿ ನಗರಗಳು. 2012ರ ಫೆಬ್ರುವರಿಯಲ್ಲಿ ನಾನ್‌ಜಿಂಗ್‌ನ ನಿಯೋಗವೊಂದು ನಗೋಯಾದ ನಗರಸಭಾ ಕಟ್ಟಡಕ್ಕೆ ಬಂದಾಗ, ಮೇಯರ್ ತಕಾಶಿ ಕವಾಮುರಾ ಅವರು ಜಪಾನಿ ಸೇನೆ ನಡೆಸಿದ 1937ರ ನಾನ್‌ಜಿಂಗ್ ಹತ್ಯಾಕಾಂಡ ನಡೆದೇ ಇಲ್ಲ ಎಂಬರ್ಥದ ಮಾತಾಡಿದರು. ಮರುದಿನವೇ ನಾನ್‌ಜಿಂಗ್ ಅಧಿಕೃತ ಸಂಪರ್ಕ ನಿಲ್ಲಿಸಿತು. ಮೂರು ದಶಕ ಮೀರಿದ ಸಂಬಂಧ ಒಂದು ಭೇಟಿಯ ಮಾತಿಗೆ ಮುರಿಯಿತು. ಒಸಾಕಾದ ಕಥೆ ಇನ್ನೊಂದು ಬಗೆಯದು. 1957ರಿಂದ ಸ್ಯಾನ್ ಫ್ರಾನ್ಸಿಸ್ಕೊದ ಜೊತೆಗಿದ್ದ ಸೋದರಿ ಸಂಬಂಧವನ್ನು ಅದು 2018ರಲ್ಲಿ ಕಡಿದುಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೇನೆ ಲೈಂಗಿಕ ಗುಲಾಮಗಿರಿಗೆ ತಳ್ಳಿದ ಹೆಣ್ಣುಮಕ್ಕಳ ನೆನಪಿನ ಪ್ರತಿಮೆಯನ್ನು ಅಮೆರಿಕದ ಆ ನಗರ ತನ್ನದಾಗಿ ಮಾಡಿಕೊಂಡದ್ದು ಕಾರಣ. ಇನ್ನು ಯೊಕೊಹಾಮಾ. 1965ರಲ್ಲಿ ಮುಂಬೈಯ ಸೋದರಿ ನಗರವಾದ ಅದು ಐವತ್ತು ವರ್ಷ ಕಳೆದ ಮೇಲೆ, 2015ರಲ್ಲಿ, ಮುಂಬೈಯಲ್ಲಿ ತನ್ನದೇ ಕಚೇರಿ ತೆರೆಯಿತು. ಒಂದು ನಗರಾಡಳಿತ ಬೇರೆ ದೇಶದ ಇನ್ನೊಂದು ನಗರದಲ್ಲಿ ಬೋರ್ಡು ಹಾಕಿ ಕೂರುವುದು ನಮ್ಮ ಪಾಲಿಕೆಗಳಿಗೆ ಕನಸಿನಲ್ಲೂ ಹೊಳೆಯದ ಸಂಗತಿ. ಕೆಡಿಸಲು ಒಂದು ಮಾತು, ಕಟ್ಟಲು ಐವತ್ತು ವರ್ಷ. ಸೌಜನ್ಯದ ಬೆಲೆಯನ್ನು ಅಳೆಯುವುದಾದರೆ ಈ ಎರಡರ ನಡುವೆ ಅಳೆಯಬೇಕು.

ನಮ್ಮ ಕಡೆಯ ಪಟ್ಟಿಯೂ ಸಣ್ಣದಲ್ಲ. ಬೆಂಗಳೂರಿಗೆ 1973ರಿಂದ ಮಿನ್ಸ್ಕ್, 1992ರಿಂದ ಕ್ಲೀವ್‌ಲ್ಯಾಂಡ್, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಸೋದರಿ ನಗರಗಳು. ಮೈಸೂರಿಗೆ ಸಿನ್ಸಿನಾಟಿ. 2013ರ ಅಕ್ಟೋಬರ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಬೀಜಿಂಗ್‌ಗೆ ಹೋದಾಗ ಬೆಂಗಳೂರು–ಚೆಂಗ್ಡು ಒಪ್ಪಂದವಾಯಿತು. 2015ರಲ್ಲಿ ನರೇಂದ್ರ ಮೋದಿ ಹೋದಾಗ ಕರ್ನಾಟಕ–ಸಿಚುವಾನ್ ಒಪ್ಪಂದ. ಕೊನೆಯ ಎರಡು ಹುಟ್ಟಿದ ರೀತಿ ನೋಡಿ. ಪ್ರಧಾನಿಯವರ ಭೇಟಿಗೆ ಸಹಿಯಾಗಬೇಕಾದ ಪತ್ರಗಳ ಕಟ್ಟು ಬೇಕಿರುತ್ತದೆ, ಆ ಕಟ್ಟಿನಲ್ಲಿ ಊರುಗಳ ಹೆಸರೂ ಸೇರುತ್ತದೆ. ಊರಿನ ಸಾಮಾನ್ಯ ಸಭೆಯಲ್ಲಿ ಚರ್ಚೆಯಾಗಿ, ಇಂಥ ಊರಿನಿಂದ ನಮಗೆ ಇಂಥದ್ದು ಬೇಕು ಎಂದು ಠರಾವಾಗಿ, ಅದರಿಂದ ಹುಟ್ಟಿದ ನಂಟು ಇದಲ್ಲ. 2020ರಲ್ಲಿ ಗಲ್ವಾನ್ ಕಣಿವೆಯ ಘರ್ಷಣೆಯಾಗಿ ದೆಹಲಿ–ಬೀಜಿಂಗ್ ನಡುವಿನ ಸಂಬಂಧ ಹದಗೆಟ್ಟಾಗ ಬೆಂಗಳೂರಿನಲ್ಲಿ ಚೆಂಗ್ಡುವನ್ನು ನೆನೆದು ಮರುಗಿದವರು ಯಾರೂ ಇರಲಿಲ್ಲ. ಮರುಗಲು ಅಲ್ಲೇನೂ ಬೆಳೆದಿರಲಿಲ್ಲ.

ಇನ್ನು ವ್ಯವಸ್ಥೆಯ ಮಾತು. ನಮ್ಮಲ್ಲಿ ‘ಭೇಟಿಯ ಸಿದ್ಧತೆ’ ಎಂದರೆ ಮುಕ್ಕಾಲು ಪಾಲು ಅನುಮತಿಯ ಸಿದ್ಧತೆ. ವಿದೇಶ ವ್ಯವಹಾರ ಸಂವಿಧಾನದ ಪ್ರಕಾರ ಕೇಂದ್ರದ ಪಟ್ಟಿಯಲ್ಲಿದೆ. 74ನೇ ತಿದ್ದುಪಡಿ ತಂದ ಹನ್ನೆರಡನೇ ಅನುಸೂಚಿಯ 18 ವಿಷಯಗಳಲ್ಲಿ ಕುಡಿಯುವ ನೀರಿನಿಂದ ಸ್ಮಶಾನದವರೆಗೆ ಎಲ್ಲ ಇದೆ, ಹೊರದೇಶದ ಸಂಪರ್ಕ ಇಲ್ಲ. ಹಾಗಾಗಿ ಅಧಿಕೃತವಾಗಿ ಹೊರಡುವವರಿಗೆ ರಾಜ್ಯ ಸರ್ಕಾರದ ಆದೇಶ ಬೇಕು, ವಿದೇಶಾಂಗ ಸಚಿವಾಲಯದ ‘ರಾಜಕೀಯ ಅನುಮತಿ’ ಬೇಕು. ಅಲ್ಲಿನವರು ಊಟ, ವಸತಿ, ಓಡಾಟದ ಖರ್ಚು ನೋಡಿಕೊಳ್ಳುತ್ತಾರೆಂದರೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ಗೃಹ ಸಚಿವಾಲಯದ ಒಪ್ಪಿಗೆಯೂ ಬೇಕು, ಅರ್ಜಿ ಎರಡು ವಾರ ಮೊದಲೇ ಮುಟ್ಟಿರಬೇಕು. 2010ರ ಈ ಕಾಯ್ದೆಯಲ್ಲಿ ಒಂದು ಸೊಗಸಿದೆ. ‘ಶಾಸನಸಭೆ’ ಎಂಬ ಪದದ ವ್ಯಾಖ್ಯೆಯೊಳಗೆ ಅದು ನಗರಸಭೆಯನ್ನೂ ಪಂಚಾಯಿತಿಯನ್ನೂ ಸೇರಿಸಿಬಿಟ್ಟಿದೆ. ಅನುದಾನ ಕೇಳಲು ಹೋದಾಗ ಕೈಕಟ್ಟಿ ನಿಲ್ಲುವ ಗ್ರಾಮ ಪಂಚಾಯಿತಿ ಸದಸ್ಯರು, ಹೊರದೇಶದವರ ಒಂದು ಊಟ ಉಣ್ಣುವ ಪ್ರಶ್ನೆ ಬಂದಾಗ ಮಾತ್ರ ಸಂಸದರ ಸಾಲಿನಲ್ಲಿ ನಿಲ್ಲುತ್ತಾರೆ!

ಅನುಮತಿಯನ್ನೇ ತೆಗೆದುಹಾಕಬೇಕು ಎಂದು ನಾನು ವಾದಿಸುತ್ತಿಲ್ಲ. ಗಡಿ, ಯುದ್ಧ, ನಿರ್ಬಂಧಗಳ ಲೆಕ್ಕ ದೆಹಲಿಗೆ ಗೊತ್ತಿರುವಷ್ಟು ಹುಬ್ಬಳ್ಳಿಗೆ ಗೊತ್ತಿರುವುದಿಲ್ಲ. ನಗೋಯಾದ ಮೇಯರ್ ಆಡಿದಂಥ ಮಾತನ್ನು ನಮ್ಮವರೊಬ್ಬರು ಕೊಲಂಬೊದಲ್ಲೋ ಢಾಕಾದಲ್ಲೋ ಆಡಿದರೆ ಅದರ ಬಿಸಿ ತಟ್ಟುವುದು ದೇಶಕ್ಕೆ. ಆದರೆ ಅನುಮತಿಯ ಅಳತೆಗೋಲು ಯಾವುದು ಎಂಬುದು ಹೊರಡುವವರಿಗೆ ತಿಳಿದಿರಬೇಕು. 2019ರಲ್ಲಿ ಕೋಪನ್‌ಹೇಗನ್‌ನ ಹವಾಮಾನ ಸಮಾವೇಶಕ್ಕೆ ಹೊರಟಿದ್ದ ದೆಹಲಿ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಅವರಿಗೆ ಅನುಮತಿ ಸಿಗಲಿಲ್ಲ, ಅದು ಮೇಯರ್ ಮಟ್ಟದ ಸಭೆ ಎಂಬ ಸಮರ್ಥನೆ ಬಂತು. 2022ರಲ್ಲಿ ಸಿಂಗಪುರದ ವಿಶ್ವ ನಗರಗಳ ಶೃಂಗಸಭೆಗೆ ಹೋಗಬೇಕೆಂದಾಗ ಲೆಫ್ಟಿನೆಂಟ್ ಗವರ್ನರ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಆ ಹೊತ್ತಿಗೆ ದೆಹಲಿಯ ಮೂರು ಪಾಲಿಕೆಗಳನ್ನು ಒಂದುಗೂಡಿಸಿ, ಚುನಾವಣೆ ಇನ್ನೂ ಆಗದೆ, ಊರಿಗೆ ಮೇಯರೇ ಇರಲಿಲ್ಲ! ಮುಖ್ಯಮಂತ್ರಿ ಹೋಗುವಂತಿಲ್ಲ, ಹೋಗಬೇಕಾದವರು ಹುಟ್ಟಿಲ್ಲ. 2025ರ ಜೂನ್‌ನಲ್ಲಿ ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ ಅವರ ಅಮೆರಿಕ ಭೇಟಿಗೆ ಮೊದಲು ನಿರಾಕರಣೆ, ಗದ್ದಲವಾದ ಮೇಲೆ ಒಪ್ಪಿಗೆ. ರಾಜ್ಯದ ಸಚಿವರ ಪಾಡೇ ಇದಾದರೆ, ಎದುರಿನ ಊರಿನವರು ಮೂರು ತಿಂಗಳು ಮೊದಲು ಗೊತ್ತುಮಾಡಿದ ದಿನಕ್ಕೆ ನಮ್ಮ ಪಾಲಿಕೆಯವರು ಬರುತ್ತಾರೋ ಇಲ್ಲವೋ ಎಂದು ಖಚಿತವಾಗಿ ಹೇಳುವವರು ಯಾರು? ಕಡತ ಹಿಡಿದವರ ಶಕ್ತಿಯೆಲ್ಲ ಈ ಅನಿಶ್ಚಿತತೆಯಲ್ಲೇ ಕರಗಿ, ಅಲ್ಲಿ ಹೋಗಿ ಏನು ಹೇಳಬೇಕು ಎಂಬುದಕ್ಕೆ ಸಮಯವೇ ಉಳಿಯುವುದಿಲ್ಲ.

ಜಪಾನಿನವರು ಈ ಗಂಟನ್ನು ಬಿಡಿಸಿಕೊಂಡ ರೀತಿ ನಮಗೆ ಉಪಯುಕ್ತ. 1988ರಲ್ಲಿ ಅಲ್ಲಿನ ಸ್ಥಳೀಯ ಸರ್ಕಾರಗಳಿಗೆಲ್ಲ ಸೇರಿದಂತೆ ಒಂದು ಮಂಡಳಿ ಹುಟ್ಟಿತು, ಚಿಕ್ಕದಾಗಿ ‘ಕ್ಲೇರ್’ ಎನ್ನುತ್ತಾರೆ. ನ್ಯೂಯಾರ್ಕ್, ಲಂಡನ್, ಪ್ಯಾರಿಸ್, ಸೋಲ್, ಸಿಡ್ನಿ, ಬೀಜಿಂಗ್‌ಗಳಲ್ಲಿ ಅದರ ಕಚೇರಿಗಳಿವೆ. ಭಾರತವನ್ನು ನೋಡಿಕೊಳ್ಳುವುದು ಸಿಂಗಪುರದ ಕಚೇರಿ. ಯಾವುದೋ ಸಣ್ಣ ಪಟ್ಟಣದ ಮೇಯರ್ ಹೊರದೇಶದ ನಗರಸಭೆಗೆ ಸೌಜನ್ಯ ಭೇಟಿಗೆ ಹೋಗಬೇಕೆಂದರೆ ಸಮಯ ಗೊತ್ತುಮಾಡಿಕೊಡಲು, ಭಾಷಾಂತರಕಾರರನ್ನು ಹುಡುಕಿಕೊಡಲು, ಆ ಊರಿನ ಆಡಳಿತ ಹೇಗಿದೆಯೆಂದು ಮೊದಲೇ ತಿಳಿಸಿಕೊಡಲು ಆ ಕಚೇರಿ ನೆರವಾಗುತ್ತದೆ. ಅಲ್ಲಿ ಕೂತು ಕೆಲಸ ಮಾಡುವವರಲ್ಲಿ ಬಹಳಷ್ಟು ಮಂದಿ ಬೇರೆಬೇರೆ ಊರುಗಳ ನಗರಸಭೆ, ಪ್ರಾಂತ್ಯಗಳಿಂದಲೇ ಎರಡು–ಮೂರು ವರ್ಷದ ಮಟ್ಟಿಗೆ ಬಂದ ನೌಕರರು. ಊರಿಗೆ ಮರಳಿದ ಮೇಲೆ ಅವರ ತಲೆಯಲ್ಲಿ ಆ ಜ್ಞಾನ ಉಳಿಯುತ್ತದೆ. ಜಪಾನಿನ ಜನಪ್ರತಿನಿಧಿಗಳೇನೂ ದೇವತೆಗಳಲ್ಲ. ಹೊರದೇಶದ ‘ವೀಕ್ಷಣೆ’ಯ ಹೆಸರಿನ ಮೋಜಿನ ಬಗ್ಗೆ ಅಲ್ಲೂ ಪತ್ರಿಕೆಗಳು ಬರೆಯುತ್ತವೆ, ಜನ ಬೈಯುತ್ತಾರೆ. ಆದರೆ ಅಲ್ಲಿ ಭೇಟಿ ಗೊತ್ತುಮಾಡುವುದು ಒಂದು ಕಸುಬು, ಅದಕ್ಕೊಂದು ಕಚೇರಿ ಇದೆ. ನಮ್ಮ ವಿದೇಶಾಂಗ ಸಚಿವಾಲಯವೂ 2014ರಲ್ಲಿ ರಾಜ್ಯಗಳಿಗೆಂದೇ ಒಂದು ವಿಭಾಗ ತೆರೆಯಿತು. ರಾಜ್ಯದ ಕೆಳಗಿರುವ ಊರುಗಳಿಗೆ ಅಂಥದ್ದಿಲ್ಲ. ಟ್ರಾವೆಲ್ ಏಜೆಂಟರೇ ಅವರ ವಿದೇಶಾಂಗ ಖಾತೆ.

ಈ ಕಸುಬು ಎಷ್ಟು ಸೂಕ್ಷ್ಮ ಎಂಬುದಕ್ಕೆ ಉಡುಗೊರೆಯೊಂದೇ ಸಾಕು. 2015ರ ಜನವರಿಯಲ್ಲಿ ಬ್ರಿಟನ್ನಿನ ಸಾರಿಗೆ ಸಚಿವೆ ಸೂಸನ್ ಕ್ರೇಮರ್ ತೈಪೆಯ ಮೇಯರ್ ಕೋ ವೆನ್‌ಜೆ ಅವರಿಗೆ ಒಂದು ಗಡಿಯಾರ ಕೊಟ್ಟರು. ಚೀನೀ ಭಾಷೆಯಲ್ಲಿ ‘ಗಡಿಯಾರ ಕೊಡುವುದು’ ಎಂಬ ಮಾತು ‘ಅಂತ್ಯಕಾಲದಲ್ಲಿ ಜೊತೆಗಿರುವುದು’ ಎಂಬ ಮಾತಿನ ಹಾಗೇ ಕೇಳಿಸುತ್ತದೆ. ಮೇಯರ್, ಇದನ್ನು ಗುಜರಿಗೆ ಹಾಕಬಹುದು ಎಂಬರ್ಥದ ಚಟಾಕಿ ಹಾರಿಸಿದರು. ಸಚಿವೆ ಕ್ಷಮೆ ಕೇಳಬೇಕಾಯಿತು. ಶತಮಾನಗಳ ರಾಜತಂತ್ರದ ಅನುಭವವುಳ್ಳ ದೇಶವೇ ಹೀಗೆ ಎಡವಿದರೆ, ಹೊರಡುವ ಹಿಂದಿನ ಸಂಜೆ ಎಂಪೋರಿಯಂಗೆ ಜವಾನನನ್ನು ಓಡಿಸಿ ತರಿಸುವ ಉಡುಗೊರೆಯ ಗತಿಯೇನು? ಚನ್ನಪಟ್ಟಣದ ಗೊಂಬೆ, ಬೀದರಿನ ಬಿದರಿ ಕುಸುರಿ, ಎರಡೂ ಚಂದ, ಎರಡಕ್ಕೂ ಹೇಳಲು ಕಥೆಯಿದೆ. ಆದರೆ ಜಪಾನಿಗೆ ಒಯ್ಯುವ ಗೊಂಬೆಗಳು ನಾಲ್ಕರ ಜೋಡಿಯಾಗಿರಬಾರದು. ಅಲ್ಲಿ ನಾಲ್ಕು ಎಂಬ ಸಂಖ್ಯೆಯ ಒಂದು ಉಚ್ಚಾರಣೆ ಸಾವಿಗೂ ಸಲ್ಲುತ್ತದೆ. ಇದನ್ನು ಹೇಳಲು ಪಂಡಿತರು ಬೇಕಿಲ್ಲ, ಹಿಂದಿನ ಸಲ ಹೋಗಿ ಬಂದವರು ಬರೆದಿಟ್ಟ ಒಂದು ಹಾಳೆ ಸಾಕು. ನಿಯೋಗದ ಹೆಸರಿನ ಪಟ್ಟಿಯೂ ಹಾಗೆಯೇ. ಅಪ್ಪನ ಹೆಸರು, ಊರಿನ ಹೆಸರು, ಇನಿಶಿಯಲ್ಲು ಎಲ್ಲ ಕೂಡಿದ ನಮ್ಮ ಹೆಸರುಗಳಲ್ಲಿ ಕರೆಯಬೇಕಾದ ಹೆಸರು ಯಾವುದು, ಅದನ್ನು ಉಚ್ಚರಿಸುವುದು ಹೇಗೆ ಎಂದು ಅವರ ಲಿಪಿಯಲ್ಲಿ ಮೊದಲೇ ಕಳಿಸಿದ್ದರೆ ಪರಿಚಯದ ಐದು ನಿಮಿಷ ಎರಡಕ್ಕೆ ಇಳಿಯುತ್ತದೆ. ನಾಲ್ಕು ನಿಮಿಷವೇ ಬಂಡವಾಳವಾದವರಿಗೆ ಆ ಮೂರು ನಿಮಿಷದ ಉಳಿತಾಯ ದೊಡ್ಡದು.

ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ‘ಇಂಗ್ಲಿಷ್ ಬಾರದವರನ್ನು ಕಳಿಸಿ ಏನು ಪ್ರಯೋಜನ’ ಎಂಬ ಆಕ್ಷೇಪ ಓದಿದವರ ಬಾಯಲ್ಲಿ ಸಲೀಸಾಗಿ ಬರುತ್ತದೆ. ನಗೋಯಾದವರು ಜಪಾನಿಯಲ್ಲಿ, ಚೆಂಗ್ಡುವಿನವರು ಚೀನಿಯಲ್ಲಿ ಮಾತಾಡುವಾಗ ಯಾರಿಗೂ ಅವಮಾನವಾಗುವುದಿಲ್ಲ. ವಾರ್ಡಿನ ಜನರ ಮುಂದೆ ಕನ್ನಡದಲ್ಲಿ ನಿರರ್ಗಳವಾಗಿ ಮಾತಾಡಿ ಗೆದ್ದುಬಂದ ಮೇಯರ್, ಅಲ್ಲಿ ಹೋಗಿ ಬರೆದುಕೊಟ್ಟ ಇಂಗ್ಲಿಷ್ ಹಾಳೆಯನ್ನು ತಡವರಿಸುತ್ತ ಓದಬೇಕಾದ್ದು ಯಾಕೆ? ಕನ್ನಡದಿಂದ ನೇರವಾಗಿ ಅವರ ಭಾಷೆಗೆ ತರಬಲ್ಲವರು ಸಿಗುವುದು ಅಪರೂಪ, ಇಂಗ್ಲಿಷನ್ನು ದಾಟಿಯೇ ಹೋಗಬೇಕಾಗುತ್ತದೆ ಎಂಬುದು ನಿಜ. ಆದರೆ ಅಮೆರಿಕ, ಬ್ರಿಟನ್‌ಗಳಂಥ ಕಡೆ ಆ ಕೊರತೆಯೂ ಇಲ್ಲ. ಅಲ್ಲಿನ ಕನ್ನಡ ಕೂಟಗಳಲ್ಲಿ ಎರಡೂ ಭಾಷೆ ಬಲ್ಲವರು ಬೇಕಾದಷ್ಟಿದ್ದಾರೆ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಬಸವೇಶ್ವರರ ಪ್ರತಿಮೆ ಎದ್ದು ನಿಂತದ್ದರ ಹಿಂದೆ ಕಲಬುರಗಿ ಮೂಲದ ನೀರಜ್ ಪಾಟೀಲ್ ಇದ್ದರು. ಲ್ಯಾಂಬೆತ್ ಎಂಬ ಅಲ್ಲಿನ ಸ್ಥಳೀಯ ಸಂಸ್ಥೆಗೆ ಮೇಯರ್ ಆಗಿದ್ದವರು. ಸ್ಥಳೀಯ ಆಡಳಿತದ ಒಳದಾರಿ ಬಲ್ಲ ಕನ್ನಡಿಗರೊಬ್ಬರು ಅಲ್ಲಿದ್ದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದು ಸಾಕ್ಷಿ. ಅನಿವಾಸಿ ಕನ್ನಡಿಗರಿಂದ ಒಂದು ಅಪಾಯವೂ ಇದೆ, ಪ್ರೀತಿಯ ಅಪಾಯ. ನಮ್ಮವರು ಬಂದರೆಂದು ಸನ್ಮಾನ, ಬಿಸಿಬೇಳೆ ಬಾತು, ನಾಡಗೀತೆ, ಎರಡು ಗಂಟೆ ಭಾಷಣ. ಕನ್ನಡಿಗರನ್ನು ನೋಡಲು ಸಾವಿರಾರು ಮೈಲಿ ಹೋದ ಹಾಗಾಗಿ, ಅತ್ತ ನಗರಸಭೆಗೆ ಅರ್ಧ ಗಂಟೆ, ಇತ್ತ ಸಭಾಂಗಣಕ್ಕೆ ಇಡೀ ಸಂಜೆ.

ಖರ್ಚಿನ ಆಕ್ಷೇಪವನ್ನು ಬಹಳ ಬೆಳೆಸಬೇಕಿಲ್ಲ. ಪಾಲಿಕೆಯ ಬಜೆಟ್ಟಿನ ಎದುರು ಹತ್ತು ಟಿಕೆಟ್ಟಿನ ಹಣ ದೊಡ್ಡದಲ್ಲ ಎಂಬ ಸಮಜಾಯಿಷಿ ನನಗೆ ಹಿಡಿಸುವುದಿಲ್ಲ. ಸಣ್ಣ ಮೊತ್ತವಾದರೂ ಅದು ಕಂದಾಯ ಕಟ್ಟಿದವರದು. ಹನ್ನೆರಡು ಜನ ಯಾಕೆ, ಸೌಜನ್ಯಕ್ಕೆ ನಾಲ್ಕು ಮಂದಿ ಸಾಕಲ್ಲವೇ ಎಂದು ಕೇಳುವುದು ನ್ಯಾಯ. ಅಧ್ಯಯನವೆಂಬ ವೇಷ ಕಳಚಿದರೆ ಸಂಖ್ಯೆ ತಾನಾಗಿ ಇಳಿಯುತ್ತದೆ. ಕಲಿಯುವವರು ಎಷ್ಟು ಜನ ಬೇಕಾದರೂ ಇರಬಹುದು, ಊರಿನ ಪರವಾಗಿ ನಮಸ್ಕಾರ ಹೇಳಲು ಮೇಯರ್, ವಿರೋಧ ಪಕ್ಷದ ನಾಯಕರು, ಆಯುಕ್ತರು, ಬರೆದುಕೊಳ್ಳಲು ಒಬ್ಬ ಅಧಿಕಾರಿ, ಇಷ್ಟೇ. ವಿರೋಧ ಪಕ್ಷದವರು ಇರಲೇಬೇಕು. ಅವರಿಲ್ಲದ ನಿಯೋಗ ಪಕ್ಷದ ನಿಯೋಗವಾಗುತ್ತದೆ, ಮುಂದಿನ ಚುನಾವಣೆಯ ನಂತರ ಅದರ ಕಡತವನ್ನು ಯಾರೂ ಮುಟ್ಟುವುದಿಲ್ಲ. ವಿಡಿಯೊ ಕರೆ ಸಾಲದೇ ಎಂಬ ಪ್ರಶ್ನೆ ಕೊರೊನಾ ಕಾಲದ ನಂತರ ಗಟ್ಟಿಯಾಗಿದೆ. ಎಂಜಿನಿಯರ್‌ಗಳ ನಡುವಿನ ಮಾತಿಗೆ ಖಂಡಿತ ಸಾಕು, ಅದೇ ಒಳ್ಳೆಯದು ಕೂಡ. ಆದರೆ ಆ ಕರೆಗೆ ಆ ಕಡೆಯವರು ಎದ್ದು ಕೂರಬೇಕಾದರೆ ಮೊದಲೊಂದು ಪರಿಚಯ ಬೇಕು. ಹೆಣ್ಣು ನೋಡುವ ಶಾಸ್ತ್ರವನ್ನು ಫೋನಿನಲ್ಲಿ ಮಾಡುವವರೂ ಬೀಗರ ಮನೆಗೆ ಒಮ್ಮೆ ಹೋಗಿಯೇ ಬರುತ್ತಾರೆ.

ಗಟ್ಟಿಯಾದ ಆಕ್ಷೇಪ ಬೇರೊಂದಿದೆ, ಅದಕ್ಕೆ ಉತ್ತರ ಹೇಳುವುದು ನನಗೂ ಸುಲಭವಲ್ಲ. ಹೋದವರು ಬಂದ ಮೇಲೆ ಇರುತ್ತಾರೆಯೇ? ಮೈಸೂರು, ಹುಬ್ಬಳ್ಳಿ–ಧಾರವಾಡ, ಮಂಗಳೂರಿನ ಮೇಯರ್‌ಗಳ ಅವಧಿ ಒಂದೇ ವರ್ಷ, ಮೀಸಲಾತಿಯ ಸರದಿಯಲ್ಲಿ ಕುರ್ಚಿ ತಿರುಗುತ್ತದೆ. ಎದುರು ಕೂರುವ ಕವಾಮುರಾ 2009ರಿಂದ 2024ರವರೆಗೆ ಒಂದೇ ಊರಿನ ಮೇಯರ್ ಆಗಿದ್ದವರು. ಅವರು ಅಲ್ಲಿ ಕೂತು ನಮ್ಮ ಹದಿನೈದು ಮೇಯರ್‌ಗಳಿಗೆ ಕೈಕುಲುಕಬಹುದಿತ್ತು. ಆಯುಕ್ತರ ವರ್ಗಾವಣೆಯಂತೂ ಮಳೆಗಾಲದ ಹಾಗೆ, ಯಾವಾಗ ಬರುತ್ತದೋ. ಹೀಗಿರುವಾಗ ವ್ಯಕ್ತಿಯ ನೆನಪನ್ನು ನಂಬುವಂತಿಲ್ಲ, ಕಾಗದದ ನೆನಪನ್ನೇ ನಂಬಬೇಕು. ಭೇಟಿಯಾದ ಹದಿನೈದು ದಿನದೊಳಗೆ ಯಾರು ಏನು ಹೇಳಿದರು, ಯಾವ ಪತ್ರ ಬರೆಯುತ್ತೇವೆಂದೆವು, ಬರೆದೆವೋ ಇಲ್ಲವೋ ಎಂಬ ವರದಿ ಸಾಮಾನ್ಯ ಸಭೆಯ ಮುಂದೆ ಬಂದು, ಕನ್ನಡದಲ್ಲಿ ಅಚ್ಚಾಗಿ, ಯಾರು ಬೇಕಾದರೂ ಓದುವಂತಿರಬೇಕು. ಕೇಂದ್ರದ ಮಂತ್ರಿಗಳ, ಹಿರಿಯ ಅಧಿಕಾರಿಗಳ ವಿದೇಶ ಪ್ರವಾಸದ ವಿವರವನ್ನು ತಾನಾಗಿ ಪ್ರಕಟಿಸಬೇಕೆಂದು ಮಾಹಿತಿ ಹಕ್ಕಿನ 2013ರ ಮಾರ್ಗಸೂಚಿ ಹೇಳುತ್ತದೆ. ಅದನ್ನು ಪಾಲಿಕೆಗೂ ಎಳೆದು ತರಲು ಯಾವ ಹೊಸ ಕಾನೂನೂ ಬೇಡ, ಒಂದು ಠರಾವು ಸಾಕು. ಜಿಲ್ಲೆಗೊಬ್ಬರು ಬೇಡ, ನಗರಾಭಿವೃದ್ಧಿ ಇಲಾಖೆಯಲ್ಲಿ ಇಡೀ ರಾಜ್ಯದ ಊರುಗಳಿಗೆ ಸೇರಿ ನಾಲ್ಕು ಜನರ ಒಂದು ಶಾಖೆ ಇದ್ದು, ಈ ವರದಿಗಳನ್ನೂ ಉಡುಗೊರೆಯ ಹಾಳೆಯನ್ನೂ ಹೆಸರುಗಳ ಪಟ್ಟಿಯನ್ನೂ ಕಾಪಾಡಿಕೊಂಡರೆ, ಟ್ರಾವೆಲ್ ಏಜೆಂಟರ ಕೆಲಸ ಟಿಕೆಟ್ಟಿಗಷ್ಟೇ ಸೀಮಿತವಾಗುತ್ತದೆ.

ಕಾಗದ ಕಾಯುವವರ ಅಗತ್ಯ ಬೆಂಗಳೂರಿಗೆ ಎಲ್ಲರಿಗಿಂತ ತುರ್ತಾಗಿದೆ. 2020ರ ಸೆಪ್ಟೆಂಬರ್‌ನಲ್ಲಿ ನಗರದ ಪಾಲಿಕೆಯಾಗಿದ್ದ ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. 2025ರಲ್ಲಿ ಬಿಬಿಎಂಪಿಯೇ ಹೋಗಿ, ಮುಖ್ಯಮಂತ್ರಿ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳಾದವು. ಆಸ್ತಿ, ಸಾಲ, ನೌಕರರು, ಕಸದ ಲಾರಿಗಳನ್ನೆಲ್ಲ ಐದು ಪಾಲು ಮಾಡಬೇಕಾಯಿತು. ಮಿನ್ಸ್ಕ್, ಕ್ಲೀವ್‌ಲ್ಯಾಂಡ್, ಸ್ಯಾನ್ ಫ್ರಾನ್ಸಿಸ್ಕೊ, ಚೆಂಗ್ಡು ಯಾರ ಪಾಲಿಗೆ? ನಾಳೆ ಕ್ಲೀವ್‌ಲ್ಯಾಂಡಿನ ಮೇಯರ್ ಸೌಜನ್ಯ ಭೇಟಿಗೆ ಬರುತ್ತೇನೆಂದು ಪತ್ರ ಬರೆದರೆ, ಲಕೋಟೆಯ ಮೇಲೆ ಯಾವ ಪಾಲಿಕೆಯ ವಿಳಾಸ ಬರೆಯಬೇಕು ಎಂದು ಅವರ ಗುಮಾಸ್ತರು ಕೇಳುತ್ತಾರೆ.